ಒಳಲ್ಕೆರೆಯ ಹಕಾರ

ಹಾಸ್ಯ ಕಾರ್ಯಕ್ರಮಗಳಲ್ಲಿ ಹಳ್ಳಿಯವನನ್ನು ತೋರಿಸಲು ಈಗ ಪಂಚೆ, ರುಮಾಲು ಬೇಕಿಲ್ಲ. ಅವನ ಬಾಯಲ್ಲಿ ‘ಆಲು’, ‘ಅಸು’ ಅನ್ನಿಸಿದರೆ ಸಾಕು, ಸಭೆ ನಗುತ್ತದೆ. ಚಿತ್ರದುರ್ಗದ ಸೀಮೆಯಲ್ಲಿ ‘ಒಳಲ್ಕೆರೆ, ಒಸ್ದುರ್ಗ, ಇರಿಯೂರು’ ಅನ್ನುವವರಿಗೂ ಅದೇ ಪಟ್ಟ: ಹಕಾರ ಬಾರದವರು. ಹಕಾರ ಕನ್ನಡದಲ್ಲಿ ಮೊದಲಿನಿಂದಲೂ ಇತ್ತು, ಓದದವರು ಅದನ್ನು ಕಳೆದರು ಎಂಬುದು ನಗುವವರ ನಂಬಿಕೆ.

ಅಕ್ಷರವೇನೋ ಹಳೆಯದೇ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇಸಿಲವೆಂಬ ಊರಿನ ‘ಮಹಾಮಾತ’ರೆಂಬ ಅಧಿಕಾರಿಗಳನ್ನು ಉದ್ದೇಶಿಸಿದೆ; ಕ್ರಿಸ್ತಪೂರ್ವ 3ನೆಯ ಶತಮಾನದಲ್ಲೇ ಈ ಜಿಲ್ಲೆಯ ಬಂಡೆಯ ಮೇಲೆ ಹಕಾರ ಕೂತಿತ್ತು. ಆದರೆ ಅದು ಪ್ರಾಕೃತದ ಹಕಾರ. ಕನ್ನಡದ ಸ್ವಂತ ಪದಗಳಲ್ಲಿ ಆ ಜಾಗದಲ್ಲಿ ಇದ್ದದ್ದು ಪಕಾರ: ಪಾಲ್, ಪೂ, ಪಳ್ಳಿ. 10ನೆಯ ಶತಮಾನದ ಹೊತ್ತಿಗೆ ಅದು ಶಾಸನಗಳಲ್ಲಿ ಹಕಾರವಾಗತೊಡಗಿತು. 13ನೆಯ ಶತಮಾನದಲ್ಲಿ ಕೇಶಿರಾಜ ಇದನ್ನು ವ್ಯಾಕರಣಕ್ಕೂ ಸೇರಿಸಿದ. ಚಂಪೂ ಕವಿಗಳು ಮಾತ್ರ ಆಡುಮಾತು ಬದಲಾದ ಮೇಲೂ ಬಹುಕಾಲ ಪಕಾರಕ್ಕೇ ಅಂಟಿಕೊಂಡಿದ್ದರು. ಪಂಡಿತರ ಕಿವಿ ಯಾವಾಗಲೂ ಸ್ವಲ್ಪ ನಿಧಾನ.

ಹಿರಿಯೂರು ಎಂದರೆ ಪಿರಿಯ ಊರ್. ಹೊಳಲ್ಕೆರೆಯ ಹೊಳಲು, ಪಟ್ಟಣವೆಂಬ ಅರ್ಥದ ಪೊೞಲ್; ಹಳಗನ್ನಡದಲ್ಲಿ ಈ ಊರನ್ನು ಬರೆಯಲು ಹೊರಟರೆ ‘ಪೊೞಲ್ಕೆಱೆ’ ಎಂದಾಗುತ್ತದೆ. ಪಕಾರವಷ್ಟೇ ಅಲ್ಲ, ನಾವು ಕಳೆದುಕೊಂಡ ೞ, ಱ ಎರಡೂ ಒಂದೇ ಹೆಸರಿನಲ್ಲಿ! ಹೊಸದುರ್ಗದ ಕತೆ ಬೇರೆ. ನಾಯಕರ ಕಾಲದಲ್ಲಿ ಕೋಟೆ ಕಟ್ಟುವ ಹೊತ್ತಿಗೆ ‘ಪೊಸ’ ಆಗಲೇ ‘ಹೊಸ’ ಆಗಿತ್ತು. ಅದು ಹುಟ್ಟುತ್ತಲೇ ಹಕಾರದ ಊರು. ಕಾಸರಗೋಡು ಜಿಲ್ಲೆಯ ಹೊಸದುರ್ಗವೂ ಅಷ್ಟೇ. ಆದರೆ ಸುತ್ತಲಿನ ತುಳುವರ ಬಾಯಲ್ಲಿ ಹೊಸದು ಇಂದಿಗೂ ‘ಪೊಸ’.

ಪಕಾರ ಪೂರ್ತಿ ಹೋಗಲಿಲ್ಲ. ‘ಹತ್ತು’ ಎನ್ನುವವರೇ ‘ಇಪ್ಪತ್ತು’ ಎನ್ನುತ್ತಾರೆ. ಪದದ ಮೊದಲಲ್ಲಿ ಸವೆದದ್ದು ನಡುವೆ ಒತ್ತಿನಲ್ಲಿ ಬದುಕಿಕೊಂಡಿತು.

ಈ ಸವೆತವನ್ನು ಕ್ರಮವಾಗಿ ಹಿಡಿಯಲು 20ನೆಯ ಶತಮಾನ ಬೇಕಾಯಿತು. ಶಾಸನತಜ್ಞ ಬಿ.ಎಲ್. ರೈಸರು ಈ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೆಯ ಸಂಪುಟದಲ್ಲಿ ಒಟ್ಟುಮಾಡಿದರು. ಅತಿ ಹಳೆಯ ಶಾಸನಗಳ ವ್ಯಾಕರಣವನ್ನು ಎ.ಎನ್. ನರಸಿಂಹಯ್ಯ 1941ರಲ್ಲಿ ಬರೆದರು, ಜಿ.ಎಸ್. ಗಾಯಿ 1946ರಲ್ಲಿ 8ರಿಂದ 10ನೆಯ ಶತಮಾನದವರೆಗಿನ ಭಾಷೆಯನ್ನು ಬಿಡಿಸಿಟ್ಟರು. ದೊಡ್ಡ ಕೆಲಸಗಳೇ, ಆದರೆ ಕಲ್ಲಿನ ಮೇಲಿನವು. ಬಾಯಿಯ ಕಡೆ ತಿರುಗಿದವರು ಪುಣೆಯ ಡೆಕ್ಕನ್ ಕಾಲೇಜಿನ ಸುತ್ತ ಬೆಳೆದ ಭಾಷಾವಿಜ್ಞಾನಿಗಳು. ಅಲ್ಲಿಂದಲೇ 1958ರಲ್ಲಿ ಆಡುಗನ್ನಡದ ರೂಪರೇಖೆ ಪ್ರಕಟಿಸಿದ ವಿಲಿಯಂ ಬ್ರೈಟ್, ಬೆಂಗಳೂರಿನ ಬ್ರಾಹ್ಮಣರ ಮತ್ತು ಒಕ್ಕಲಿಗರ ಮಾತನ್ನು ಪಕ್ಕಪಕ್ಕ ಇಟ್ಟು ನೋಡಿದರು. ಒಂದರಲ್ಲಿ ‘ಹೆಸ್ರು’, ಇನ್ನೊಂದರಲ್ಲಿ ‘ಯೆಸ್ರು’. ಆ ಯಕಾರವನ್ನು ಗಮನಿಸಬೇಕು. ಎಲೆ ಬಾಯಲ್ಲಿ ‘ಯೆಲೆ’ ಆಗುವಂತೆ, ಹಕಾರ ಬಿಟ್ಟ ‘ಎಸ್ರು’ ಕೂಡ ಆ ನಿಯಮಕ್ಕೇ ತಲೆಬಾಗಿ ‘ಯೆಸ್ರು’ ಆಗಿದೆ. ‘ಹೋಗು’ ಹೀಗೆಯೇ ‘ವೋಗು’. ಬಾಯಿ ತಪ್ಪಿ ಆಡಿದ ಮಾತು ಇಷ್ಟು ಶಿಸ್ತಾಗಿ ನಡೆಯುವುದಿಲ್ಲ. ನಿಜವಾದ ತಡಬಡಿಕೆ ಕಾಣಬೇಕೆಂದರೆ ಶಾಲೆಗೆ ಹೋಗಿ ಬೈಸಿಕೊಂಡವರಲ್ಲಿ ನೋಡಬೇಕು: ಹೆದರಿ ಆನೆಯನ್ನೂ ‘ಹಾನೆ’ ಮಾಡುವವರು ಅವರು.

ಪಕಾರ ಸವೆದು ಹಕಾರವಾದದ್ದನ್ನು ಪಠ್ಯಪುಸ್ತಕ ‘ನಡುಗನ್ನಡ’ ಎಂದು ಗೌರವದಿಂದ ಕಲಿಸುತ್ತದೆ. ಅದೇ ಹಕಾರ ಇನ್ನೊಂದು ಹೆಜ್ಜೆ ಸವೆದರೆ ‘ಅಶುದ್ಧ’ ಎನ್ನುತ್ತದೆ. ಬರಹವನ್ನು ಆಡುಮಾತಿಗೆ ಹತ್ತಿರ ತರಲು ಮಹಾಪ್ರಾಣಗಳನ್ನು ಕೈಬಿಟ್ಟ ಡಿ.ಎನ್. ಶಂಕರ ಭಟ್ಟರೂ ತಮ್ಮ ‘ಹೊಸಬರಹ’ದಲ್ಲಿ ಹಕಾರವನ್ನು ಉಳಿಸಿಕೊಂಡರು. ಎಲ್ಲ ಸೀಮೆಗಳಿಗೂ ಸಲ್ಲಬೇಕಾದ ಬರಹಕ್ಕೆ ಅದು ಸರಿಯೇ ಇರಬಹುದು.

ಯು.ಪಿ. ಉಪಾಧ್ಯಾಯರು 1976ರಲ್ಲಿ ಕನ್ನಡದ ಉಪಭಾಷೆಗಳನ್ನು ಹೋಲಿಸಿದಾಗ ಆರಿಸಿಕೊಂಡದ್ದು ಬಳ್ಳಾರಿ, ಗುಲ್ಬರ್ಗಾ, ಕುಮಟಾ, ನಂಜನಗೂಡು. ಬಳ್ಳಾರಿಗೂ ನಂಜನಗೂಡಿಗೂ ನಡುವೆ ಇರುವುದು ಚಿತ್ರದುರ್ಗ. ತೆಂಕಣದಲ್ಲಿ ಹಕಾರ ಜಾರುತ್ತದೆ, ಬಡಗಣಕ್ಕೆ ಹೋದಂತೆ ಗಟ್ಟಿಯಾಗುತ್ತದೆ. ಹಿರಿಯೂರಿನಿಂದ ಮೊಳಕಾಲ್ಮುರಿನ ಕಡೆ ಹೊರಟವನಿಗೆ ಯಾವ ಊರು ದಾಟಿದ ಮೇಲೆ ‘ವೋಗು’ ನಿಂತು ‘ಹೋಗು’ ಕೇಳಿಸುತ್ತದೆ, ಒಂದೇ ಮನೆಯಲ್ಲಿ ಅಜ್ಜಿಗೂ ಮೊಮ್ಮಗಳಿಗೂ ಅದು ಎಷ್ಟು ಬೇರೆ ಎಂಬುದು ಆ ನಾಲ್ಕು ಊರುಗಳ ಹೋಲಿಕೆಯಿಂದ ತಿಳಿಯುವುದಿಲ್ಲ.