ಬಳಪದ ಕಲ್ಲಿನಿಂದ ಕೋಲ್ಡ್ ಸ್ಟೋರೇಜಿನವರೆಗೆ

ಹಾವೇರಿಯ ಪುರಸಿದ್ಧೇಶ್ವರ ಗುಡಿಗೆ ಹೋದವರು ಹಿಂಬದಿಯ ಗೋಡೆಯನ್ನೂ ಸುತ್ತಿ ನೋಡಬೇಕು. ಚಾಲುಕ್ಯರ ಗುಡಿಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿದರೆ ಇದು ಪಡುವಣಕ್ಕೆ ತಿರುಗಿ ನಿಂತಿದೆ. ಹಿಂದಿನ ಗೋಡೆಯಲ್ಲಿ ಕೀರ್ತಿಮುಖದ ಕೆಳಗೆ ಸೂರ್ಯನ ವಿಗ್ರಹವಿದೆ. ಬೆಳಗಿನ ಬಿಸಿಲು ಬೀಳುವುದು ಅವನತ್ತಲೇ. ಗುಡಿ ಮೊದಲು ಶಿವನದ್ದೋ ವಿಷ್ಣುವಿನದ್ದೋ ಎಂಬ ವಿದ್ವಾಂಸರ ವಾದ ಇನ್ನೂ ಮುಗಿದಿಲ್ಲ.

ಈ ಸೀಮೆಯ ಶಿಲ್ಪದ ಗುಟ್ಟು ಕಲ್ಲಿನಲ್ಲಿದೆ. ಬಾದಾಮಿ, ಪಟ್ಟದಕಲ್ಲುಗಳಲ್ಲಿ ಕಟ್ಟಿದ್ದು ಮರಳುಗಲ್ಲಿನಲ್ಲಿ. 11ನೆಯ ಶತಮಾನದ ಹೊತ್ತಿಗೆ ಕಲ್ಯಾಣ ಚಾಲುಕ್ಯರ ಶಿಲ್ಪಿಗಳು ಬಳಪದ ಕಲ್ಲು ಹಿಡಿದರು. ಉಳಿಗೆ ಬೆಣ್ಣೆಯಂತೆ ಒಗ್ಗುವ ಕಲ್ಲು ಅದು. ಹಾಗಾಗಿಯೇ ಕಂಬಗಳನ್ನು ತಿರುಗಣೆಗೆ ಕೊಟ್ಟು ಬಳೆ ಬಳೆಯಾಗಿ ಕಡೆಯಲು ಸಾಧ್ಯವಾಯಿತು. ಬಂಕಾಪುರ ಕೋಟೆಯೊಳಗಿನ ನಗರೇಶ್ವರ ಗುಡಿಯನ್ನು ಜನ ‘ಅರವತ್ತು ಕಂಬದ ಗುಡಿ’ ಎಂದೇ ಕರೆಯುತ್ತಾರೆ. ಹಾನಗಲ್ಲಿನ ತಾರಕೇಶ್ವರದಲ್ಲಿ ತಲೆಯೆತ್ತಿದರೆ ಚಾವಣಿಯ ತುಂಬ ಕಲ್ಲಿನ ಕಮಲ. ರಾಣೆಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ ತುಂಗಭದ್ರೆಯ ದಂಡೆಗೆ ಒಂದೇ ಗರ್ಭಗುಡಿಯ ಮುಕ್ತೇಶ್ವರ. ರಟ್ಟೀಹಳ್ಳಿಯ ಕದಂಬೇಶ್ವರಕ್ಕೆ ಮೂರು ಗರ್ಭಗುಡಿ. ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಂತೂ ಗರ್ಭಗುಡಿಯ ಬುಡಕ್ಕೆ ಹೊರಗಿನಿಂದ ಪಿರಮಿಡ್ಡಿನಂತೆ ಮೆಟ್ಟಿಲು ಮೆಟ್ಟಿಲಾಗಿ ಕಲ್ಲು ಕೊಟ್ಟಿದ್ದಾರೆ. ಇವನ್ನೆಲ್ಲ ಒಂದೇ ಪರಂಪರೆಯಾಗಿ ನೋಡುವ ದಾರಿ ಮಾಡಿಕೊಟ್ಟ ಗ್ರಂಥಗಳಲ್ಲಿ ಹೆನ್ರಿ ಕಸಿನ್ಸ್ 1926ರಲ್ಲಿ ಪ್ರಕಟಿಸಿದ ಸಮೀಕ್ಷೆ ಮುಖ್ಯವಾದದ್ದು.

ದೇವರಿಗೆ ಕಲ್ಲಾದರೆ ಮನುಷ್ಯರಿಗೆ ಮಣ್ಣು. ಮಾಳಿಗೆ ಮನೆಯ ಗೋಡೆ ಒಂದೂವರೆ ಎರಡು ಮೊಳ ದಪ್ಪ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಹಾಸು. ಬೇಸಿಗೆಯ ಮಧ್ಯಾಹ್ನ ಪಡಸಾಲೆಯಲ್ಲಿ ಚಾಪೆ ಹಾಸಿದರೆ ನಿದ್ದೆ ತಾನಾಗಿ ಬರುತ್ತಿತ್ತು. ದನಗಳೂ ಅದೇ ಸೂರಿನಡಿ, ಗ್ವಾದಲಿಯ ಮುಂದೆ. ಮನೆಯ ನಿಜವಾದ ಗರ್ಭಗುಡಿ ಇದ್ದದ್ದು ನೆಲದೊಳಗಿನ ಹಗೇವಿನಲ್ಲಿ. ಗುಂಡಿಯ ಒಳಮೈಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಕಾವು, ಕೆಟ್ಟ ಗಾಳಿ ಹೋಗಲಿ ಎಂದು ಕಾದು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು.

1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಶುರು ಮಾಡಿದ ಹಂಚು ಕಾಲಕ್ರಮದಲ್ಲಿ ಘಟ್ಟ ಹತ್ತಿ ಇಲ್ಲಿಗೂ ಬಂತು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹೊರುವ ಕಾಟ ಹಂಚಿನವರಿಗಿರಲಿಲ್ಲ. ಆಮೇಲೆ ಬಂದದ್ದು ಆರ್‌ಸಿಸಿ. 1997ರಲ್ಲಿ ಹಾವೇರಿ ಜಿಲ್ಲೆಯಾಯಿತು. ಜಿಲ್ಲಾಡಳಿತ ಭವನ ದೇವಗಿರಿಯಲ್ಲಿ ಎದ್ದಿತು. ಊರೊಳಗೂ ಸ್ಲ್ಯಾಬಿನ ಮನೆಯೇ ಅಂತಸ್ತಿನ ಗುರುತಾಯಿತು. ಅಂತಸ್ತಿನ ಜೊತೆಗೆ ಸೆಕೆಯೂ ಬಂತು.

ಈ ಕಾಲದ ಅತಿ ದಪ್ಪ ಗೋಡೆ ನೋಡಬೇಕೆಂದರೆ ಬ್ಯಾಡಗಿಗೆ ಹೋಗಬೇಕು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಇಲ್ಲಿಯ ಮೆಣಸಿನಕಾಯಿಗೆ ಬಣ್ಣವೇ ಬೆಲೆ. ಬಿಸಿಲು, ಸೆಕೆಗೆ ಬಣ್ಣ ಇಳಿಯುತ್ತದೆ. ಅದಕ್ಕೇ ಊರ ಸುತ್ತ ಕೋಲ್ಡ್ ಸ್ಟೋರೇಜುಗಳು: ಕಿಟಕಿಯಿಲ್ಲದ ಎತ್ತರದ ಪೆಟ್ಟಿಗೆಗಳು, ಶಾಖ ತಡೆಯುವ ಹೊದಿಕೆಯ ಗೋಡೆಗಳು, ಒಳಗೆ ಅಟ್ಟದ ಮೇಲೆ ಅಟ್ಟವಾಗಿ ಚೀಲ. ಚೆಂದಕ್ಕೆಂದು ಕಟ್ಟಿದ್ದಲ್ಲ ನಿಜ. ಆದರೆ ಬೆಳಕು, ಕಾವುಗಳ ಲೆಕ್ಕ ಹಾಕಿಯೇ ಕಟ್ಟಿದ್ದು; ಹಗೇವಿನ ಮೊಮ್ಮಗ ಎನ್ನಬಹುದು.

ಕಾಗಿನೆಲೆ ಕಾಪಾಡುತ್ತಿರುವುದು ನೆನಪನ್ನು. ಆದಿಕೇಶವನನ್ನು ಕನಕದಾಸರು ತಮ್ಮ ಹುಟ್ಟೂರು ಬಾಡದಿಂದ ತಂದರೆಂಬ ನಂಬಿಕೆ ಊರಿನದು. ಹಳೆಯ ಗುಡಿಗಳ ಜೊತೆಗೆ ಗುರುಪೀಠ, ಉದ್ಯಾನ ಬಂದಿವೆ. ಅತ್ತ ಬಾಡದಲ್ಲಿ ಹಳೆಯ ಮಾದರಿಯಲ್ಲಿ ಹೊಸ ಅರಮನೆಯೇ ಎದ್ದಿದೆ.

ಒಟ್ಟು ನೋಡಿದರೆ, ಪ್ರತಿ ಕಾಲವೂ ತನಗೆ ಬೆಲೆಯುಳ್ಳದ್ದಕ್ಕೆ ಗಟ್ಟಿ ಗೋಡೆ ಕಟ್ಟಿಕೊಂಡಿದೆ. ಗುಡಿಗಳಿಗೆ ಪುರಾತತ್ವ ಇಲಾಖೆಯ ಫಲಕವಿದೆ, ಮೆಣಸಿನಕಾಯಿಗೆ ಕೋಲ್ಡ್ ಸ್ಟೋರೇಜಿದೆ. ದಿಕ್ಕಿಲ್ಲದ್ದು ಮಾಳಿಗೆ ಮನೆಗೆ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಬಾಳು ಸಿಮೆಂಟಿನ ಶಿಲ್ಪವಾಗಿ ನಿಂತಿದೆ. ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸಿದ ನಾವೇ ಅಲ್ಲಿಗೆ ಟಿಕೆಟ್ ತೆಗೆಸಿ ಮಕ್ಕಳನ್ನು ಕರೆದೊಯ್ದು ತೋರಿಸುತ್ತೇವೆ: ನೋಡು, ನಿಮ್ಮಜ್ಜನ ಮನಿ ಹಿಂಗಿತ್ತು.