ಹ್ಯಾಮ್‌ಸ್ಟರ್ ಸಾಕಣೆ (ಪರೇಲ್, ಮುಂಬಯಿ)

ಹ್ಯಾಮ್‌ಸ್ಟರ್ ಗಿಡ್ಡ ಬಾಲದ ಪುಟ್ಟ ದಂಶಕ. ಎರಡೂ ಕೆನ್ನೆಗಳ ಒಳಗೆ ಭುಜದವರೆಗೆ ಚಾಚುವ ಚೀಲಗಳಿದ್ದು, ಸಿಕ್ಕ ಕಾಳನ್ನೆಲ್ಲ ಅವುಗಳಲ್ಲಿ ತುಂಬಿಕೊಂಡು ಹೋಗಿ ಗೂಡಿನಲ್ಲಿ ಬಚ್ಚಿಡುತ್ತದೆ. ಮನೆಗಳಲ್ಲಿ ಹೆಚ್ಚಾಗಿ ಸಾಕುವುದು ಸಿರಿಯಾ ಮೂಲದ ಹೊಂಬಣ್ಣದ ಹ್ಯಾಮ್‌ಸ್ಟರ್ (ಮೀಸೊಕ್ರಿಸೆಟಸ್ ಆರೇಟಸ್) ಮತ್ತು ಮಧ್ಯ ಏಷ್ಯಾದ ಕುಬ್ಜ ಜಾತಿಗಳನ್ನು. ಲಡಾಖಿನ ಎತ್ತರದಲ್ಲಿ ಕಾಡು ಹ್ಯಾಮ್‌ಸ್ಟರ್‌ಗಳುಂಟು. ಕೊಂಕಣ ತೀರಕ್ಕೆ ಮಾತ್ರ ಇದು ಹೊರಗಿನ ಪ್ರಾಣಿ. ಆದರೂ ಇದನ್ನು ಮನೆಗೆ ತಂದ ವಿಜ್ಞಾನಕ್ಕೂ ಮಧ್ಯ ಮುಂಬಯಿಯ ಪರೇಲ್‌ಗೂ ಇರುವ ನಂಟು ಹಳೆಯದು.

ಆ ನಂಟು ಶುರುವಾಗುವುದು ಇಲಿಯ ಭಯದಿಂದ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿ ಬಂದರಿನ ಬಳಿ ಡಾ. ಅಕಾಶಿಯೊ ವಿಯೆಗಸ್ ಪ್ಲೇಗನ್ನು ಗುರುತಿಸಿದರು. ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಸಿದ್ಧಪಡಿಸಿದ ಪ್ಲೇಗ್ ಲಸಿಕೆಯ ಪ್ರಯೋಗಾಲಯ 1899ರಲ್ಲಿ ಪರೇಲ್‌ನ ಹಳೆಯ ಗವರ್ನರ್ ಬಂಗಲೆಗೆ ಬಂತು. 1925ರಿಂದ ಅದಕ್ಕೆ ಹಾಫ್‌ಕಿನ್ ಸಂಸ್ಥೆಯೆಂಬ ಹೆಸರು. ಇಲಿಯ ಮೈಮೇಲಿನ ಚಿಗಟವೇ ರೋಗ ಹರಡುತ್ತದೆಂದು ಪಾಲ್ ಲೂಯಿ ಸಿಮೊಂ 1898ರಲ್ಲೇ ಕರಾಚಿಯಲ್ಲಿ ತೋರಿಸಿದ್ದರೂ ಬಹುಮಂದಿ ನಂಬಿರಲಿಲ್ಲ. 1903ರಲ್ಲಿ ಮುಂಬಯಿಯ ಮೃಗಾಲಯದ ಗಿನಿಯಿಲಿಗಳು ಪ್ಲೇಗಿನಿಂದ ಸತ್ತಾಗ ಅವುಗಳ ಮೈತುಂಬ ಇಲಿಯ ಚಿಗಟಗಳಿರುವುದನ್ನು ಗ್ಲೆನ್ ಲಿಸ್ಟನ್ ಕಂಡರು. ಬಳಿಕ ಪ್ಲೇಗು ಹೊಕ್ಕ ವಸತಿಗಳಲ್ಲಿ ಗಿನಿಯಿಲಿಗಳನ್ನು ಬಿಟ್ಟು, ಅವಕ್ಕೆ ಹತ್ತಿದ ಚಿಗಟಗಳನ್ನು ಹೆಕ್ಕಿ ಪರೀಕ್ಷಿಸಿದರು. 1905ರಲ್ಲಿ ಕೆಲಸ ಆರಂಭಿಸಿದ ಪ್ಲೇಗ್ ಆಯೋಗ ಇದೇ ವಿಧಾನವನ್ನು ವಿಸ್ತರಿಸಿತು. ಸಯಾನ್, ವಡಾಲಾ, ಪರೇಲ್, ವರಳಿ ಗ್ರಾಮಗಳನ್ನು ವಿಶೇಷವಾಗಿ ಅಧ್ಯಯನ ಮಾಡಿತು. ಪರೇಲ್‌ನವರ ಮನೆಯೊಳಗೆ ಜನ ಬೇಕೆಂದೇ ತಂದಿಟ್ಟ ದಂಶಕಗಳಲ್ಲಿ ಈ ಗಿನಿಯಿಲಿಗಳನ್ನು ಎಣಿಸಬೇಕು. ಮುದ್ದಿಗಾಗಿ ಬಂದವಲ್ಲ, ಮನುಷ್ಯರ ಬದಲಿಗೆ ಸಾಯಲು ಬಂದವು. ಅವುಗಳ ಋಣ ಈ ಊರಿನ ಮೇಲಿದೆ.

ಹ್ಯಾಮ್‌ಸ್ಟರ್‌ನ ಕಥೆಯ ಮೂಲದಲ್ಲೂ ಒಂದು ರೋಗವಿದೆ, ಅದೂ ಭಾರತವನ್ನು ಹಿಂಡಿದ ಕಾಲಾ ಆಜಾರ್. ಅದರ ಪರೋಪಜೀವಿಯನ್ನು 1903ರಲ್ಲಿ ವಿಲಿಯಂ ಲೀಶ್‌ಮನ್ ಹಾಗೂ ಮದರಾಸಿನ ಚಾರ್ಲ್ಸ್ ಡೊನೊವನ್ ಬೇರೆಬೇರೆಯಾಗಿ ವರ್ಣಿಸಿದ್ದರು. 1924ರಲ್ಲಿ ಪೀಕಿಂಗ್‌ನ ಸಂಶೋಧಕರು ಚೀನಾದ ಹ್ಯಾಮ್‌ಸ್ಟರ್‌ಗೆ ಈ ಸೋಂಕು ತಗಲುವುದನ್ನು ತೋರಿಸಿದರು. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಸಾಲ್ ಆಡ್ಲರ್‌ಗೂ ಅದೇ ಪ್ರಾಣಿ ಬೇಕಾಗಿತ್ತು. ಆದರೆ ಅದು ಬೋನಿನಲ್ಲಿ ಮರಿ ಹಾಕುತ್ತಿರಲಿಲ್ಲ, ಮತ್ತೆಮತ್ತೆ ಚೀನಾದಿಂದ ತರಿಸುವುದೂ ಸುಲಭವಿರಲಿಲ್ಲ. ಹತ್ತಿರದಲ್ಲೇ ಇನ್ನೊಂದು ಜಾತಿ ಸಿಕ್ಕೀತೇ ಎಂದು ಅವರು ಕೇಳಿದ್ದು ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿಯವರನ್ನು. 1839ರಲ್ಲಿ ಜಾರ್ಜ್ ವಾಟರ್‌ಹೌಸ್ ವರ್ಣಿಸಿದ ಮೇಲೆ ಬಹುಪಾಲು ಮರೆತೇಹೋಗಿದ್ದ ಸಿರಿಯಾದ ಹ್ಯಾಮ್‌ಸ್ಟರನ್ನು ಅಹರೋನಿ 1930ರ ಏಪ್ರಿಲ್‌ನಲ್ಲಿ ಅಲೆಪ್ಪೊ ಬಳಿಯ ಗೋಧಿ ಹೊಲವೊಂದನ್ನು ಆಳವಾಗಿ ಅಗೆಸಿ ಹೊರತೆಗೆದರು: ಒಂದು ತಾಯಿ, 11 ಮರಿಗಳು. ಗಾಬರಿಬಿದ್ದ ತಾಯಿ ಒಂದು ಮರಿಯನ್ನು ಕೊಂದಿತು; ತಾಯಿಯನ್ನು ಬೇರ್ಪಡಿಸಿ ಕೊಲ್ಲಲಾಯಿತು. ಕೆಲವು ಮರಿಗಳು ತಪ್ಪಿಸಿಕೊಂಡವು, ಕೆಲವು ಸತ್ತವು. ಉಳಿದ ಅಣ್ಣ ತಂಗಿಯರ ಕೂಡಿಕೆಯಿಂದಲೇ ಸಂತತಿ ಬೆಳೆಯಿತು. ಬಸಿರಿನ ಅವಧಿ ಕೇವಲ 16 ದಿನವಾದ್ದರಿಂದ ಮರಿಗಳ ಸಂಖ್ಯೆ ಬೇಗ ನೂರು ದಾಟಿತು. 1931ರಲ್ಲಿ ಆಡ್ಲರ್ ಕೆಲವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಇಂಗ್ಲೆಂಡಿಗೆ ಒಯ್ದರು. 1938ರಲ್ಲಿ ಅಮೆರಿಕಕ್ಕೆ ಹೋದವು. ಎರಡನೆಯ ಮಹಾಯುದ್ಧದ ನಂತರ ಮನೆಸಾಕಣೆ ಹಬ್ಬಿತು. ಇಂದು ಜಗತ್ತಿನ ಮನೆಗಳಲ್ಲಿರುವ ಸಿರಿಯಾ ಹ್ಯಾಮ್‌ಸ್ಟರ್‌ಗಳಲ್ಲಿ ಬಹುಪಾಲು ಆ ಒಂದೇ ಬಿಲದ ವಂಶದವು. ತವರಿನ ಹೊಲಗಳಲ್ಲಿ ಮಾತ್ರ ಅದರ ಬದುಕು ಅಪಾಯದಲ್ಲಿದೆ.

ಮುಂಬಯಿಯಲ್ಲಿ ಹ್ಯಾಮ್‌ಸ್ಟರ್ ಕೊಳ್ಳುವವರು ಬಹುಕಾಲದಿಂದ ಹೋಗುವ ಜಾಗ ಕ್ರಾಫರ್ಡ್ ಮಾರ್ಕೆಟ್. ಅಲ್ಲಿಂದ ಪರೇಲ್‌ಗೆ ಬರುವ ಮರಿ ಎಂಥ ಮನೆಯನ್ನು ಸೇರುತ್ತದೆಂಬುದು ಮುಖ್ಯ. ಬಟ್ಟೆ ಗಿರಣಿಗಳ ಕಾಲದ ಚಾಳುಗಳಲ್ಲಿ ಒಂದು ಖೋಲಿಯೇ ಒಂದು ಸಂಸಾರ; 1920ರ ದಶಕದಲ್ಲಿ ಕಟ್ಟಿದ ಬಿಡಿಡಿ (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳುಗಳ ಖೋಲಿ ಸುಮಾರು 160 ಚದರಡಿ. ಗಿರಣಿ, ಕ್ಯಾಂಟೀನು, ಕಚೇರಿ ಕೆಲಸಕ್ಕೆಂದು ಕರಾವಳಿಯಿಂದಲೂ ಬಯಲುಸೀಮೆಯಿಂದಲೂ ಬಂದ ಕನ್ನಡಿಗರು ಈ ಖೋಲಿಗಳನ್ನು ಚೆನ್ನಾಗಿ ಬಲ್ಲರು. 1982ರ ಗಿರಣಿ ಕಾರ್ಮಿಕರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿ, ಆ ಜಾಗಗಳಲ್ಲಿ ಗಗನಚುಂಬಿಗಳು ಎದ್ದವು. ನಾಯಿಗೆ ಜಾಗವಿಲ್ಲ, ಬೆಕ್ಕಿಗೆ ಅಜ್ಜಿ ಒಪ್ಪುವುದಿಲ್ಲ ಎನ್ನುವ ಮನೆಯಲ್ಲೂ ಕಪಾಟಿನ ಮೇಲೆ ಒಂದು ಪಂಜರ ಹಿಡಿಯುತ್ತದೆ. ಸಣ್ಣ ಮನೆಗೆ ಸಣ್ಣ ಪ್ರಾಣಿ ಎಂಬ ಈ ಲೆಕ್ಕ ಪೂರ್ತಿ ಸರಿಯಲ್ಲ. ಹ್ಯಾಮ್‌ಸ್ಟರ್ ರಾತ್ರಿಯ ಜೀವಿ; ದೀಪ ಆರಿಸಿ ಎಲ್ಲರೂ ಚಾಪೆ ಹಾಸಿದ ಮೇಲೆ ಅದರ ಚಕ್ರ ತಿರುಗತೊಡಗುತ್ತದೆ. ಹಗಲಿನಲ್ಲಿ ಮಕ್ಕಳು ಎಬ್ಬಿಸಿದರೆ ಕಚ್ಚುತ್ತದೆ. ಅದು ಹಟಮಾರಿತನವಲ್ಲ, ನಿದ್ದೆಗೆಟ್ಟ ಪ್ರಾಣಿಯ ಹೆದರಿಕೆ. ಇನ್ನೂ ಮುಖ್ಯವಾಗಿ, ಬೆಳೆದ ಸಿರಿಯಾ ಹ್ಯಾಮ್‌ಸ್ಟರ್ ಒಂಟಿಯಾಗಿಯೇ ಇರಬೇಕು. ಜೊತೆಯಿರಲಿ ಎಂಬ ಮಮತೆಯಿಂದ ಜೋಡಿ ತಂದರೆ ಅವು ಸಾಯುವವರೆಗೂ ಕಾದಾಡಬಲ್ಲವು.

ಪರೇಲ್‌ನ ಹವೆಯೂ ಅದಕ್ಕೆ ಒಗ್ಗದು. ಅದಕ್ಕೆ ಹಿತವಾದದ್ದು 20ರಿಂದ 24 ಡಿಗ್ರಿ. ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ, ತಗಡಿನ ಮಾಡಿನ ಕೆಳಗೆ ಅದು ಕಾಲು ಚಾಚಿ ಚಪ್ಪಟೆ ಮಲಗಿ ಏದುಸಿರು ಬಿಟ್ಟರೆ ಬಿಸಿಲಾಘಾತದ ಸೂಚನೆ. ಒಂದು ಬದಿ ಒಡೆದ ಮಣ್ಣಿನ ಮಡಕೆಯನ್ನು ಕವುಚಿಟ್ಟರೆ ಒಳಗೆ ತಂಪು ನಿಲ್ಲುತ್ತದೆ. ಮಳೆಗಾಲದಲ್ಲಿ ಹಾಸಿದ ಮರದ ಹೊಟ್ಟು ತೇವ ಹೀರಿ, ಅದರೊಳಗೆ ಬಚ್ಚಿಟ್ಟ ಕಾಳಿಗೆ ಬೂಷ್ಟು ಹಿಡಿಯುತ್ತದೆ. ಗೂಡಿನ ಮೂಲೆಯನ್ನು ಕೈಯಿಟ್ಟು ನೋಡಬೇಕು. ಪರೇಲ್ ಬಳಿಯ ಹಿಂದ್‌ಮಾತಾ ಸುತ್ತಮುತ್ತ ನೀರು ನಿಲ್ಲುವ ದಿನಗಳಲ್ಲಿ ಮೋರಿಯ ಹೆಗ್ಗಣಗಳು ಮನೆಯೊಳಗೆ ನುಗ್ಗುತ್ತವೆ. ಅವುಗಳ ಮೂತ್ರದಿಂದ ಹರಡುವ ಇಲಿಜ್ವರ ಮನುಷ್ಯರಂತೆ ಹ್ಯಾಮ್‌ಸ್ಟರ್‌ಗೂ ಮಾರಕ. ಆ ರೋಗಾಣುವಿನ ಅಧ್ಯಯನಕ್ಕೆ ಪ್ರಯೋಗಾಲಯಗಳು ಇದನ್ನೇ ಬಳಸುವುದು ಈ ಕಾರಣಕ್ಕೆ. 2020ರ ಕೋವಿಡ್ ಕಾಲದಲ್ಲೂ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಕೊವ್ಯಾಕ್ಸಿನ್ ಲಸಿಕೆಯನ್ನು ಸಿರಿಯಾ ಹ್ಯಾಮ್‌ಸ್ಟರ್‌ಗಳ ಮೇಲೆ ಪರೀಕ್ಷಿಸಿತು.

ಚಿಕಿತ್ಸೆಯ ಮಟ್ಟಿಗೆ ಪರೇಲ್‌ನವರು ಅದೃಷ್ಟವಂತರು. ಸರ್ ದಿನ್‌ಶಾ ಮಾಣೆಕ್‌ಜಿ ಪೆಟಿಟ್ ಪತ್ನಿಯ ಹೆಸರಿನಲ್ಲಿ 1880ರ ದಶಕದಲ್ಲಿ ಕಟ್ಟಿಸಿದ ಬಾಯಿ ಸಕರ್‌ಬಾಯಿ ಪ್ರಾಣಿ ಆಸ್ಪತ್ರೆ, 1886ರಲ್ಲಿ ಆರಂಭವಾದ ಮುಂಬಯಿ ಪಶುವೈದ್ಯಕೀಯ ಕಾಲೇಜು ಎರಡೂ ಇಲ್ಲಿವೆ. ಮರಿಗಳ ಬಾಲದಡಿ ಒದ್ದೆಯಾಗಿ ಭೇದಿ ಹತ್ತಿದರೆ ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು, ಕಾಯುವಂತಿಲ್ಲ. ಮಕ್ಕಳಿಗೆ ತಂದ ಔಷಧಿಯಲ್ಲಿ ಒಂದು ಹನಿ ಕೊಡುವ ಅಭ್ಯಾಸ ಅಪಾಯಕಾರಿ: ಪೆನಿಸಿಲಿನ್ ಗುಂಪಿನ ಮದ್ದು ಕರುಳಿನ ಒಳ್ಳೆಯ ಜೀವಾಣುಗಳನ್ನು ನಾಶಮಾಡಿ ಹ್ಯಾಮ್‌ಸ್ಟರನ್ನೇ ಕೊಲ್ಲುತ್ತದೆ. ಆರೋಗ್ಯವಾಗಿದ್ದರೂ ಆಯುಸ್ಸು ಎರಡು ಮೂರು ವರ್ಷ. ಇದನ್ನು ಮಗುವಿಗೆ ಮೊದಲೇ ಹೇಳುವುದು ಹಿರಿಯರ ಹೊಣೆ.

ಕಾನೂನು ಈ ಪ್ರಾಣಿಯನ್ನು ಹೆಸರಿಟ್ಟು ಗಮನಿಸಿದ್ದು ತಡವಾಗಿ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ 2018ರಲ್ಲಿ ಬಂದ ಸಾಕುಪ್ರಾಣಿ ಅಂಗಡಿ ನಿಯಮಗಳು ನಾಯಿ, ಬೆಕ್ಕು, ಮೊಲ, ಗಿನಿಯಿಲಿಗಳ ಸಾಲಿನಲ್ಲಿ ಹ್ಯಾಮ್‌ಸ್ಟರನ್ನೂ ಸೇರಿಸಿ, ಅಂಗಡಿಗಳು ರಾಜ್ಯ ಪ್ರಾಣಿಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕೆಂದು ವಿಧಿಸಿದವು. ಕೊಳ್ಳುವವರು ಆ ನೋಂದಣಿ ಪತ್ರವನ್ನು ಕೇಳಿ ನೋಡಬಹುದು. ಕಿಕ್ಕಿರಿದ ಒಂದೇ ಬುಟ್ಟಿಯಲ್ಲಿ ಗಂಡು ಹೆಣ್ಣುಗಳನ್ನು ಕೂಡಿಟ್ಟು ಮಾರುವವರಿಂದ ಕೊಳ್ಳಬಾರದು.