ಲೋಳೆಸರ, ಲುಆಬ್ ಮತ್ತು ಬಾಯಿಹುಣ್ಣು: ಒಂದು ಮದ್ದಿನ ಚರಿತ್ರೆ

ಬಾಯಲ್ಲಿ ಹುಣ್ಣೆದ್ದರೆ ಕಾಂದಿವಲಿಯಲ್ಲಿ ಅದನ್ನು ಹೇಳುವುದಕ್ಕೆ ಮಾತಿಗೇನೂ ಬರವಿಲ್ಲ. ಮರಾಠಿಯವರು 'ತೋಂಡ ಆಲಂ' ಅಂತಾರೆ. ದಖನಿ ಮಾತಾಡುವ ನಮ್ಮ ಮನೆಗಳಲ್ಲಿ 'ಮೂ ಪಕ್ ಗಯಾ' ಅಂತಾರೆ. ಕನ್ನಡದವರಿಗೆ ಅದು ಸೀದಾ ಬಾಯಿಹುಣ್ಣು. ಮದ್ದು ಕೇಳಿಕೊಂಡು ಔಷಧದಂಗಡಿಗೆ ಹೋದರೆ ಮಾತ್ರ ಎಲ್ಲರ ಕೈಗೂ ಒಂದೇ ಬಗೆಯ ಸಣ್ಣ ಟ್ಯೂಬು ಬರುತ್ತದೆ. ಅದರ ಮೇಲೆ ಎಲೆಯ ಚಿತ್ರ, ಒಳಗೆ ಜೆಲ್. ಈ ಜೆಲ್ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಅದರ ಹಿಂದೆ ಒಂದು ಸಾವಿರ ವರ್ಷಕ್ಕೂ ಹೆಚ್ಚಿನ ಕಥೆ ಇದೆ. ಆ ಕಥೆಯಲ್ಲಿ ನಮ್ಮ ಹಕೀಮರಿದ್ದಾರೆ, ವೈದ್ಯರಿದ್ದಾರೆ, ಮುಂಬಯಿ ಇದೆ, ಕರ್ನಾಟಕವೂ ಇದೆ.

ಮೊದಲು ಹೆಸರುಗಳನ್ನು ನೋಡೋಣ, ಹೆಸರಿನಲ್ಲೇ ಅರ್ಧ ಚರಿತ್ರೆ ಇರುತ್ತದೆ. ಕನ್ನಡದಲ್ಲಿ ಆಲೋವೆರಾ ಗಿಡಕ್ಕೆ 'ಲೋಳೆಸರ' ಅಂತ ಹೆಸರು. ಗಿಡದೊಳಗಿನ ಲೋಳೆಯನ್ನು ನೋಡಿಯೇ ನಮ್ಮ ಹಿರಿಯರು ಆ ಹೆಸರಿಟ್ಟರು. ಉರ್ದುವಿನಲ್ಲಿ ಅದು 'ಘೀಕ್ವಾರ್', ಮರಾಠಿಯಲ್ಲಿ 'ಕೋರಫಡ'. ಅರಬ್ಬಿಯಲ್ಲಿ ಇದರ ಕಹಿಗೆ 'ಸಬಿರ್' ಅಂತಾರೆ. ತಾಳ್ಮೆ ಎನ್ನುವ ಅರ್ಥದ 'ಸಬ್ರ್' ಪದದ ಮೂಲಾಕ್ಷರಗಳೂ ಅವೇ. ಆ ಮೂಲದಿಂದಲೇ 'ಮುಸಬ್ಬರ್' ಬಂತು, ಅದು ಕನ್ನಡದ ಗ್ರಂಥಿಗೆ ಅಂಗಡಿಗಳಲ್ಲಿ 'ಮುಸಂಬರ' ಆಯಿತು. ಒಂದೇ ಗಿಡದಿಂದ ಎರಡು ಪದಾರ್ಥ, ಎರಡು ಹೆಸರು. ಇದನ್ನು ವಿದ್ಯಾರ್ಥಿಗಳು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು.

ಎಲೆಯನ್ನು ಕತ್ತರಿಸಿದ ಕೂಡಲೇ ಸಿಪ್ಪೆಯ ಕೆಳಗಿನಿಂದ ಹಳದಿ ಬಣ್ಣದ ಕಹಿ ರಸ ಸುರಿಯುತ್ತದೆ. ಅದನ್ನು ಒಣಗಿಸಿದರೆ ಮುಸಂಬರ. ಅದು ಭೇದಿಗೆ ಕೊಡುತ್ತಿದ್ದ ಮದ್ದು. ಎಲೆಯ ಒಳಗಿನ ಪಾರದರ್ಶಕ ತಿರುಳೇ ಲೋಳೆ, ಅಂದರೆ ಜೆಲ್. ಅರಬ್ ವ್ಯಾಪಾರಿಗಳು ಸೊಕೋಟ್ರಾ ದ್ವೀಪದಿಂದ ಶತಮಾನಗಳ ಕಾಲ ಹಡಗಿನಲ್ಲಿ ಸಾಗಿಸಿದ್ದು ಒಣಗಿದ ಕಹಿಯನ್ನು. ಲೋಳೆಯನ್ನು ಸಾಗಿಸುವುದು ಆಗದ ಮಾತು, ಸ್ವಲ್ಪ ಹೊತ್ತಿಗೇ ಕೆಟ್ಟುಹೋಗುತ್ತದೆ. ಹಾಗಾಗಿ ಕಹಿ ಬಂದರಿನ ಸರಕಾಯಿತು, ಲೋಳೆ ಮನೆಯ ಹಿತ್ತಲಲ್ಲೇ ಉಳಿಯಿತು. ವ್ಯಾಪಾರದ ದಾಖಲೆಗಳಲ್ಲಿ ಕಹಿಯ ಲೆಕ್ಕ ಸಿಗುತ್ತದೆ. ಹಿತ್ತಲಿನ ಲೋಳೆಯನ್ನು ಸುಟ್ಟ ಗಾಯಕ್ಕೆ ಹಚ್ಚಿದ ಅಜ್ಜಿಯರ ಲೆಕ್ಕವನ್ನು ಬರೆದಿಟ್ಟವರು ಕಡಿಮೆ.

ಹಕೀಮರ ಲುಆಬ್

ಲೋಳೆಯನ್ನು ಮದ್ದಾಗಿ ಬಳಸುವ ವಿದ್ಯೆಗೆ ಯುನಾನಿಯಲ್ಲಿ ಬೇರೆಯೇ ಒಂದು ಪದ ಇದೆ: 'ಲುಆಬ್'. ಬೀಜ ಅಥವಾ ಬೇರನ್ನು ನೀರಿನಲ್ಲಿ ನೆನೆಹಾಕಿದಾಗ ಬಿಡುವ ಅಂಟುಲೋಳೆ ಅದು. ಮೊಹಮ್ಮದ್ ಅಲಿ ರೋಡಿನಲ್ಲಿ ಫಾಲೂದಾ ತಿಂದವರಿಗೆಲ್ಲ ಇದು ಗೊತ್ತು. ಕಾಮಕಸ್ತೂರಿ ಬೀಜದ ಸುತ್ತ ಕಟ್ಟುವ ಆ ಜಾರು ಪದರವೇ ಲುಆಬ್. ಹಕೀಮರು ಬಿಹಿದಾನಾ ಬೀಜದಿಂದ, ಅಗಸೆಯಿಂದ, ಇಸಬಗೋಲಿನಿಂದ ಲುಆಬ್ ತೆಗೆಯುತ್ತಿದ್ದರು. ಇಸಬಗೋಲ್ ಪಾರ್ಸಿ ಪದ, ಕುದುರೆಯ ಕಿವಿ ಅಂತ ಅದರ ಅರ್ಥ. ಬೀಜವನ್ನು ಹತ್ತಿರದಿಂದ ನೋಡಿದರೆ ಆ ಹೆಸರು ಯಾಕೆ ಬಂತು ಅಂತ ತಿಳಿಯುತ್ತದೆ.

ಇಬ್ನ್ ಸೀನಾ (980–1037) ಬರೆದ 'ಅಲ್-ಕಾನೂನ್' ಐದು ಭಾಗಗಳ ಗ್ರಂಥ. ಅದರ ಮೂರನೆಯ ಭಾಗ ತಲೆಯಿಂದ ಕಾಲಿನವರೆಗೆ ಒಂದೊಂದೇ ಅಂಗದ ರೋಗಗಳನ್ನು ಹೇಳುತ್ತದೆ, ಬಾಯಿ ಮತ್ತು ನಾಲಿಗೆಯ ರೋಗಗಳೂ ಅಲ್ಲಿ ಬರುತ್ತವೆ. ಬಾಯಿಹುಣ್ಣಿಗೆ ಯುನಾನಿಯಲ್ಲಿ 'ಕುಲಾಅ್' ಎಂದು ಹೆಸರು. ಅದಕ್ಕೆ ಉದುರಿಸುವ ಪುಡಿಮದ್ದನ್ನು ಇವತ್ತಿಗೂ 'ಝರೂರ್-ಎ-ಕುಲಾಅ್' ಅಂತಲೇ ಮಾರುತ್ತಾರೆ. ಕಾಚು, ತಬಾಶೀರ್, ಏಲಕ್ಕಿ ಇಂಥವನ್ನು ಸೇರಿಸಿ ಮಾಡುವ ಪುಡಿ ಇದು. ಸುಶ್ರುತ ಸಂಹಿತೆ ಬಾಯಿಯ ರೋಗಗಳನ್ನು 65 ಎಂದು ಎಣಿಸುತ್ತದೆ. ಎಣ್ಣೆ ಅಥವಾ ಕಷಾಯವನ್ನು ಬಾಯಲ್ಲಿ ತುಂಬಿ ಹಿಡಿದುಕೊಳ್ಳುವ ಗಂಡೂಷ, ಮುಕ್ಕಳಿಸುವ ಕವಲ ಆಯುರ್ವೇದದ ದಾರಿಗಳು. ಒಬ್ಬರು ಪುಡಿ ಉದುರಿಸಿದರು, ಇನ್ನೊಬ್ಬರು ಎಣ್ಣೆ ಹಿಡಿಸಿದರು. ಕಷ್ಟ ಇಬ್ಬರಿಗೂ ಒಂದೇ: ಬಾಯಿಯಲ್ಲಿ ಮದ್ದು ನಿಲ್ಲುವುದಿಲ್ಲ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಸುರಿಯುವ ಜಾಗ ಅದು. ಹಚ್ಚಿದ್ದೆಲ್ಲ ಕೆಲವೇ ನಿಮಿಷದಲ್ಲಿ ಹೊಟ್ಟೆಗೆ ಹೋಗುತ್ತದೆ.

ಗಾರ್ಸಿಯಾನ ಪುಸ್ತಕ

ಮುಂಬಯಿಗೂ ಈ ಕಥೆಗೂ ಹಳೆಯ ನಂಟು. 1534ರಲ್ಲಿ ಗೋವಾಕ್ಕೆ ಬಂದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ಮುಂದೆ ಮುಂಬಯಿ ದ್ವೀಪವನ್ನೇ ಗೇಣಿಗೆ ಪಡೆದಿದ್ದ. ಆಗಿನ ಮುಂಬಯಿ ಅಂದರೆ ದಕ್ಷಿಣದ ಸಣ್ಣ ದ್ವೀಪ. ನಮ್ಮ ಕಾಂದಿವಲಿ ಸಾಷ್ಟಿ ದ್ವೀಪದ ಹಳ್ಳಿ. 1563ರಲ್ಲಿ ಗೋವಾದಲ್ಲಿ ಅಚ್ಚಾದ ಅವನ ಪುಸ್ತಕ ಭಾರತದ ಮೂಲಿಕೆಗಳ ಬಗ್ಗೆ ಸಂಭಾಷಣೆಯ ರೂಪದಲ್ಲಿದೆ. ಮುಸಂಬರದ ಬಗ್ಗೆ, ಎಲೆಯಡಿಕೆಯ ಜೊತೆ ತಿನ್ನುವ ಕಾಚಿನ ಬಗ್ಗೆ ಅದರಲ್ಲಿ ಮಾತುಗಳಿವೆ. ಅಹಮದ್‌ನಗರದ ಬುರ್ಹಾನ್ ನಿಜಾಮ್ ಶಾಹನ ಆಸ್ಥಾನಕ್ಕೆ ಅವನು ಹೋಗಿಬರುತ್ತಿದ್ದ. ಅಲ್ಲಿನ ಹಕೀಮರ ಜೊತೆ ಕೂತು ಚರ್ಚಿಸಿ ಕಲಿತದ್ದನ್ನು ಮುಚ್ಚಿಡದೆ ಬರೆದ. ಅವನ ಮನೆತನ ಯಹೂದಿ ಮೂಲದ್ದು. ಸತ್ತ ಮೇಲೂ ಅದಕ್ಕೆ ಕ್ಷಮೆ ಸಿಗಲಿಲ್ಲ. 1580ರಲ್ಲಿ ಗೋವಾದ ಇನ್‌ಕ್ವಿಸಿಷನ್ ಅವನ ಮೂಳೆಗಳನ್ನು ಅಗೆದು ತೆಗೆದು ಸುಟ್ಟಿತು. ಹಕೀಮ, ವೈದ್ಯ, ಯಹೂದಿ ಮೂಲದ ಪೋರ್ಚುಗೀಸ, ಇವರೆಲ್ಲ ಕೂಡಿ ಬೆಳೆಸಿದ ವಿದ್ಯೆ ಇದು. ಇದನ್ನು ಒಂದೇ ಮನೆಯ ಆಸ್ತಿ ಅನ್ನುವವರು ಈ ಪುಟವನ್ನು ಓದಬೇಕು.

ಮುಂಬಯಿ ಹೆಸರಿಟ್ಟ ರೋಗ

1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಕೀನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರ ಬಾಯಲ್ಲಿ ಒಂದು ವಿಚಿತ್ರ ರೋಗ ಕಂಡರು. ಬಾಯಿಯ ಒಳಚರ್ಮ ಬಿಳಿಚಿ ಗಟ್ಟಿಯಾಗಿ, ಬಾಯಿ ತೆರೆಯುವುದೇ ಕಷ್ಟವಾಗಿತ್ತು. ಮರುವರ್ಷ, 1953ರಲ್ಲಿ, ಮುಂಬಯಿಯ ಕಿವಿ-ಮೂಗು-ಗಂಟಲು ತಜ್ಞ ಎಸ್. ಜಿ. ಜೋಶಿ ಅದೇ ರೋಗವನ್ನು ವಿವರಿಸಿ 'ಸಬ್‌ಮ್ಯೂಕಸ್ ಫೈಬ್ರೋಸಿಸ್' ಎಂಬ ಹೆಸರನ್ನು ಬಳಕೆಗೆ ತಂದರು. ಇದರ ಮುಖ್ಯ ಕಾರಣ ಅಡಿಕೆ. ಈ ರೋಗ ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ.

ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ದಂತ ಸಂಶೋಧನಾ ಘಟಕದ ಫಲಿ ಮೆಹ್ತಾ ಮತ್ತು ಸಂಗಡಿಗರು ದೇಶದ ಐದು ಜಿಲ್ಲೆಗಳ 50,915 ಹಳ್ಳಿಗರ ಬಾಯಿಯನ್ನು ಪರೀಕ್ಷಿಸಿ 1969ರಲ್ಲಿ ವರದಿ ಮಾಡಿದರು. ಬಾಯಿಯ ಕ್ಯಾನ್ಸರ್ ಹೆಚ್ಚುಕಡಿಮೆ ಪೂರ್ತಿ ತಂಬಾಕು ಜಗಿಯುವವರಲ್ಲೂ ಸೇದುವವರಲ್ಲೂ ಕಂಡಿತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ, ತಂಬಾಕು ಸೇರದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕವೇ ಎಂದು ಪ್ರಕಟಿಸಿತು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ನಾಡಿನವರಾದ ನಮಗೆ ಈ ಮಾತು ಹೇಳುವುದು ಸುಲಭ ಅಲ್ಲ. ಆದರೂ ಹೇಳಲೇಬೇಕು. ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದವು. ಕಾನೂನು ಬಂತು, ಚಟ ಹೋಗಿಲ್ಲ.

ಟ್ಯೂಬಿನೊಳಗೆ ಏನಿದೆ?

ಲೋಳೆಯನ್ನು ಕೆಡದಂತೆ ಇಡುವ ವಿಧಾನ ಬಂದದ್ದು 20ನೆಯ ಶತಮಾನದಲ್ಲಿ. 1935ರಲ್ಲಿ ಅಮೆರಿಕದ ಕಾಲಿನ್ಸ್ ಎಂಬ ತಂದೆ-ಮಗ ವೈದ್ಯರು ಎಕ್ಸ್‌ರೇಯಿಂದ ಸುಟ್ಟ ಚರ್ಮಕ್ಕೆ ಲೋಳೆಸರ ಹಚ್ಚಿ ಗುಣವಾದುದನ್ನು ಬರೆದ ಮೇಲೆ ವಿಜ್ಞಾನಿಗಳ ಗಮನ ಅತ್ತ ಹೋಯಿತು. ಬಾಯಿಗೆ ಬೇಕಾದ ಜೆಲ್ ಮಾಡಲು ಇನ್ನೂ ಒಂದು ಉಪಾಯ ಬೇಕಿತ್ತು: ಅಂಟು. ಸಸ್ಯದ ಸೆಲ್ಯುಲೋಸಿನಿಂದ ತಯಾರಾದ ಅಂಟುಗಳು ಒದ್ದೆ ಚರ್ಮಕ್ಕೆ ಹಿಡಿದುಕೊಂಡು ಹುಣ್ಣಿನ ಮೇಲೆ ತೆಳು ಪೊರೆ ಕಟ್ಟುತ್ತವೆ. ಊಟದ ಖಾರ ತಾಗುವುದಿಲ್ಲ, ಮದ್ದಿಗೆ ಕೆಲಸ ಮಾಡಲು ಸಮಯ ಸಿಗುತ್ತದೆ. ಹಳೆಯ ಲುಆಬ್ ಮಾಡುತ್ತಿದ್ದುದೂ ಇದೇ ತರಹದ ಕೆಲಸ.

ಫಲ ಎಷ್ಟು? ಪ್ರಾಮಾಣಿಕವಾಗಿ ನೋಡೋಣ. 2008ರಲ್ಲಿ ಥಾಯ್ಲೆಂಡಿನಲ್ಲಿ ಲೈಕನ್ ಪ್ಲಾನಸ್ ಎಂಬ ಬಾಯಿಯ ರೋಗದ 54 ಜನರ ಮೇಲೆ ಪ್ರಯೋಗ ನಡೆಯಿತು. ಲೋಳೆಸರದ ಜೆಲ್ ಹಚ್ಚಿದ 27 ಜನರಲ್ಲಿ 22 ಜನರಿಗೆ ಚೆನ್ನಾಗಿ ಗುಣ ಕಂಡಿತು, ಬರೀ ಜೆಲ್ ಹಚ್ಚಿದ 27 ಜನರಲ್ಲಿ ಒಬ್ಬರಿಗೆ ಮಾತ್ರ. 2012ರಲ್ಲಿ ದಾವಣಗೆರೆಯ ದಂತ ವೈದ್ಯರು ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರುವ 20 ಜನರ ಮೇಲೆ ಮಾಡಿದ ಪ್ರಾಥಮಿಕ ಅಧ್ಯಯನದಲ್ಲಿ ಲೋಳೆಸರ ಹಚ್ಚಿದವರ ಉರಿ ಕಡಿಮೆಯಾಯಿತು, ಬಾಯಿ ತೆರೆಯುವುದು ಸುಧಾರಿಸಿತು. ಆದರೆ 2004ರಲ್ಲಿ ಅಮೆರಿಕದಲ್ಲಿ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ 58 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಲೋಳೆಸರದ ದ್ರವ ಬಾಯಿಹುಣ್ಣನ್ನು ತಡೆಯಲಿಲ್ಲ. ಒಂದು ಕಡೆ ಫಲ, ಇನ್ನೊಂದು ಕಡೆ ಇಲ್ಲ. ಎಲ್ಲ ಹುಣ್ಣಿಗೂ ಒಂದೇ ಮದ್ದು ಎನ್ನುವವರ ಮಾತು ನಂಬಬೇಡಿ.

ಉರ್ದು ಪುಸ್ತಕ ಕೊಟ್ಟ ಸಾಕ್ಷಿ

ಭಾಷೆ ಕಲಿಸುವವರಿಗೆ ಬಹಳ ಹಿಡಿಸುವ ಸಂಗತಿ ಒಂದಿದೆ. ಗಾಯಕ್ಕೆ ಅರಿಸಿನ ಹಚ್ಚುವುದು ಹೊಸ ಶೋಧ ಅಂತ 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿತು. ಇದು ಮೊದಲೇ ಗೊತ್ತಿದ್ದದ್ದು ಎಂದು ತೋರಿಸಲು 32 ಆಧಾರಗಳನ್ನು ಮುಂದಿಟ್ಟಿತು. ಅವುಗಳಲ್ಲಿ ಸಂಸ್ಕೃತದ ಜೊತೆಗೆ ಉರ್ದು, ಹಿಂದಿ ಬರಹಗಳೂ ಇದ್ದವು. 1997ರಲ್ಲಿ ಪೇಟೆಂಟ್ ರದ್ದಾಯಿತು. ನಂತರ ಶುರುವಾದ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಭಂಡಾರದಲ್ಲಿ ಆಯುರ್ವೇದದ ಪಕ್ಕದಲ್ಲೇ ಅರಬ್ಬಿ, ಪಾರ್ಸಿ, ಉರ್ದುವಿನ ಯುನಾನಿ ಗ್ರಂಥಗಳು ಸೇರಿದವು. ಉರ್ದು ಓದಿ ಏನು ಸಿಗುತ್ತದೆ ಅಂತ ಕೇಳುವ ಮಕ್ಕಳಿಗೆ ಇದು ಒಂದು ಉತ್ತರ. ಆ ಲಿಪಿ ಓದುವವರು ಇಲ್ಲದಿದ್ದರೆ ಆ ಸಾಕ್ಷಿಯೂ ಕಪಾಟಿನಲ್ಲೇ ಉಳಿಯುತ್ತಿತ್ತು. ಈ ವಿದ್ಯೆ ಮುಂದುವರಿಸಬೇಕು ಅನ್ನುವವರಿಗೆ ವರ್ಸೋವಾದಲ್ಲಿ ಅಂಜುಮನ್-ಎ-ಇಸ್ಲಾಮಿನ ತಿಬ್ಬಿಯಾ ಕಾಲೇಜು ಇದೆ, ಬೆಂಗಳೂರಿನಲ್ಲಿ ರಾಷ್ಟ್ರೀಯ ಯುನಾನಿ ಸಂಸ್ಥೆ ಇದೆ.

ಕೊನೆಗೆ ಎರಡು ಮಾತು, ವಿದ್ಯಾರ್ಥಿಗಳಿಗೆ ಮತ್ತು ಅವರ ಅಮ್ಮಂದಿರಿಗೆ. ಹಿತ್ತಲಿನ ಅಥವಾ ಗ್ಯಾಲರಿ ಕುಂಡದ ಲೋಳೆಸರವನ್ನು ಕೊಯ್ದು ನೇರ ಬಾಯಿಗೆ ಹಾಕಬೇಡಿ, ಹಳದಿ ಕಹಿ ರಸ ಹೊಟ್ಟೆ ಕೆಡಿಸುತ್ತದೆ. ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಜೆಲ್ ಉರಿಯನ್ನು ತಗ್ಗಿಸುತ್ತದೆ, ಅದೇ ಅದರ ಗುಣ, ಅದೇ ಅದರ ಅಪಾಯ. ಅಡಿಕೆ, ಗುಟ್ಕಾ ಜಗಿಯುವ ಹುಡುಗ ಉರಿ ತಗ್ಗಿತು ಅಂತ ಮತ್ತೆ ಪುಡಿಕೆ ಬಿಚ್ಚಿದರೆ ಮದ್ದೇ ರೋಗಕ್ಕೆ ಮರೆಯಾಗುತ್ತದೆ. ಎರಡು ವಾರ ದಾಟಿದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ಹೋಗದಷ್ಟು ಬಿಗಿದ ಬಾಯಿ, ಇವುಗಳಲ್ಲಿ ಯಾವುದು ಕಂಡರೂ ಟ್ಯೂಬು ಬದಿಗಿಟ್ಟು ದಂತ ವೈದ್ಯರ ಹತ್ತಿರ ಹೋಗಿ. ಕಾಂದಿವಲಿಯಲ್ಲಿ ಲೋಕಲ್ ಹತ್ತಿ ಮುಂಬಯಿ ಸೆಂಟ್ರಲ್‌ನಲ್ಲಿ ಇಳಿದರೆ ನಾಯರ್ ದಂತ ಆಸ್ಪತ್ರೆ ಹತ್ತಿರದಲ್ಲೇ ಇದೆ. ಹಕೀಮರು ನಾಡಿ ಹಿಡಿಯುವ ಮೊದಲು ಕೇಳುತ್ತಿದ್ದ ಪ್ರಶ್ನೆ, ನೀನು ಏನು ತಿನ್ನುತ್ತೀಯಾ ಅಂತ. ಇವತ್ತಿನ ದಂತ ವೈದ್ಯರೂ ಅದನ್ನೇ ಕೇಳುತ್ತಾರೆ. ಅವರಿಗೆ ನಿಜ ಹೇಳಿ.